ಸಾಲು ಹದಿನಾಲ್ಕು

ಚಿಲಕದಿನ್ನಿ ಗ್ರಾಮ ಪಂಚಾಯ್ತಿಯಲ್ಲಿ
ಕ್ರಿಯಾಯೋಜನೆ ಟೈಪು ಮಾಡುವವನು ನಾನು.
ಈ ಸಾಲಿನ ಹಾಳೆಗೆ ಇಪ್ಪತ್ತೊಂದು ಸಾಲು.
ಕರೆಂಟು ಇದ್ದರೆ ಒಂದು ತಾಸಿನ ಕೆಲಸ,
ಸದಸ್ಯರು ಬಂದು ಕೂತರೆ ಮೂರು ದಿನ.

ಒಂದನೆಯದು ಸಿಸಿ ರಸ್ತೆ,
ಪಂಪಾಪತಿಯ ಹಿಟ್ಟಿನ ಗಿರಣಿಯಿಂದ ಪಂಪಾಪತಿಯ ಮನೆಯವರೆಗೆ.
ಎರಡು, ಚರಂಡಿ.
ಮೂರು, ಅದೇ ಚರಂಡಿಯ ಮುಂದುವರಿದ ಭಾಗ.
ಹತ್ತಕ್ಕೆ ಬಂದಾಗ ಶಾಲೆಯ ನೆನಪಾಗುತ್ತದೆ:
ಕಬ್ಬಿಣದ ಗೇಟು, ಎರಡು ಕದ, ಹಸಿರು ಬಣ್ಣ.
ಗೋಡೆ ಬರುವ ವರ್ಷ ಎಂದಿದ್ದರು, ಮೂರು ವರ್ಷದ ಹಿಂದೆ.
ಬೀಗ ಹಾಕಿದ ಗೇಟಿನ ಪಕ್ಕದಿಂದ ಮಕ್ಕಳು, ಮೇಕೆ, ಹೆಡ್‌ಮಾಸ್ತರು
ದಿನಾ ಒಳಗೆ ಹೋಗುತ್ತಾರೆ.

ಹದಿನಾಲ್ಕನೆಯ ಸಾಲು: ಇತರೆ.
ಅದರೊಳಗೆ ಫಿನಾಯಿಲು, ಜಯಂತಿಯ ಹಾರ,
ಮೇಲಿನಿಂದ ಬಂದವರಿಗೆ ಚಹಾ, ಮಿರ್ಚಿ,
ಮತ್ತು ಮೂರನೇ ವಾರ್ಡಿನ ಅಂಗನವಾಡಿ.

ಸೂಗಮ್ಮ ಟೀಚರು ಚಪ್ಪಲಿ ಹೊರಗೆ ಬಿಟ್ಟು
ಒಂದು ಕಾಲಷ್ಟೇ ಒಳಗಿಟ್ಟು ಕೇಳುತ್ತಾಳೆ,
"ತಮ್ಮಾ, ತಕ್ಕಡಿ ಏನಾತಪಾ?"
ದಸರೆಯಿಂದ ಅದರ ಮುಳ್ಳು ಹನ್ನೊಂದಕ್ಕೆ ನಿಂತಿದೆ.
ದುರುಗಪ್ಪನ ಮೊಮ್ಮಗ ಹನ್ನೊಂದು ಕೆಜಿ.
ಲಾಲಬಿಯ ಅವಳಿ ಕೂಸು ಒಂದೊಂದೂ ಹನ್ನೊಂದು.
ಯಾರೂ ಕೂರದಿದ್ದರೂ ಹನ್ನೊಂದು.

"ಅದು ಇಲಾಖೆದು, ಇಲಾಖೆಗೆ ಬರೀರಿ" ಅಂತಾರೆ ಪಿಡಿಒ.
ಬರೆದೆವು. ಮಸ್ಕಿ ಬಸ್ಸಿಗೆ ಹೋದ ಪತ್ರ
ಮಸ್ಕಿ ಬಸ್ಸಿಗೇ ತಿರುಗಿ ಬಂತು:
ಪಂಚಾಯ್ತಿ ಅನುದಾನದಲ್ಲಿ ಭರಿಸತಕ್ಕದ್ದು.

ದುಡ್ಡು ಬರುವುದು ತಲೆ ಎಣಿಸಿ.
ಎಣಿಸುವವರು ಬಂದದ್ದು ಹತ್ತಿ ಬಿಡಿಸುವ ಕಾಲಕ್ಕೆ.
ಹಾಜರಿಯಲ್ಲಿ ನಲವತ್ತೊಂದು, ಚಾಪೆಯ ಮೇಲೆ ಹದಿನೇಳು.
ಹದಿನೇಳು ಎಂದೇ ಬರೆದರು.
ತಪ್ಪು ಬರೆಯಲಿಲ್ಲ, ಪಾಪ, ಒಳ್ಳೆಯ ಹುಡುಗ,
ಎರಡು ಸಲ ಎಣಿಸಿದ.
ಉಳಿದ ಇಪ್ಪತ್ತನಾಲ್ಕು ಅವ್ವಂದಿರ ಹಿಂದೆ
ಬೇರೆ ಸಾಲಿನಲ್ಲಿದ್ದವು,
ಎರಿಹೊಲದ ಆ ತುದಿಯಲ್ಲಿ, ಮೂಗಿಗೆ ಹತ್ತಿಯ ಎಳೆ ಅಂಟಿಸಿಕೊಂಡು.
ಅಲ್ಲಿಗೆ ಬೈಕು ಹೋಗುವುದಿಲ್ಲ.

ಕಡೆಗೆ ಸೂಗಮ್ಮ ತಾನೇ ಒಂದು ದಾರಿ ಹುಡುಕಿದಳು.
ಮಕ್ಕಳನ್ನು ಸೆರಗು ಹಿಡಿಸಿ
ಇಲಾಹಿ ಸಾಬರ ಹತ್ತಿ ಅಂಗಡಿಗೆ ಕರೆದೊಯ್ದಳು.
ಅಂಡಿಗೆ ತೂಗುವ ದೊಡ್ಡ ಕಾಟಾ. ಒಂದೊಂದೇ ಕೂಸು ಏರಿಸಿದರು.
ಕ್ವಿಂಟಲ್ಲಿಗೆ ಎರಡು ಕಿಲೋ ತೇವಕ್ಕೆಂದು ಮುರಿಯುವ ಸಾಬರು
ಕನ್ನಡಕ ಮೇಲೇರಿಸಿ ಅಂದರಂತೆ,
"ಕೂಸಿಗೆ ಕಡಿತ ಇಲ್ಲವ್ವ, ಇದ್ದಷ್ಟು ಬರಕೋ."
ಅವಳು ಹೇಳಿದಾಗ ನಾನು
ಕಡತ ಅಂತ ಕೇಳಿಸಿಕೊಂಡೆ.

ಅಂಡಿಗೆ ತೂಗುವ ಕಾಟಾಕ್ಕೆ ಸಣ್ಣ ತೂಕ ಸರಿಯಾಗಿ ತಿಳಿಯುವುದಿಲ್ಲ.
ಅವಳಿಗಳಲ್ಲಿ ಚಿಕ್ಕದನ್ನು ಕೂರಿಸಿದರೆ
ಮುಳ್ಳು ಅಲ್ಲಾಡಲೇ ಇಲ್ಲವಂತೆ.

ನಿನ್ನೆ ಸಂಜೆ ಎಲ್ಲರೂ ಹೋದ ಮೇಲೆ
ಹದಿನಾಲ್ಕರ ಕೆಳಗೆ ಒಂದು ಸಾಲು ತೂರಿಸಿದೆ.
ಅಂಗನವಾಡಿ, ಮೂರನೇ ವಾರ್ಡು, ತೂಕದ ಯಂತ್ರ,
ಬಾಗಿಲ ಚಿಲಕ, ಆರು ತಿಂಗಳ ಬಾಡಿಗೆ.
ಉಳಿದವೆಲ್ಲ ಒಂದೊಂದು ಮೆಟ್ಟಿಲು ಕೆಳಗಿಳಿದವು.
ಹೈಮಾಸ್ಟ್ ದೀಪ ಇಳಿಯಿತು, ಸ್ಮಶಾನದ ತಂತಿಬೇಲಿ ಇಳಿಯಿತು,
ಒಟ್ಟು ಮೊತ್ತ ಮಾತ್ರ ಮುನಿಸಿಕೊಂಡು
ಬರೀ ಗೀಟು ಗೀಟು ತೋರಿಸಿತು.
ಸರಿಮಾಡಲು ಚಹಾದಲ್ಲಿ ಮೂರು ಸಾವಿರ ತೆಗೆದೆ,
ಚರಂಡಿಯ ಮುಂದುವರಿದ ಭಾಗವನ್ನು
ಹದಿನೆಂಟು ಅಡಿ ಮೊದಲೇ ನಿಲ್ಲಿಸಿದೆ.
ನಾನು ಯಾರು ನಿಲ್ಲಿಸಲು? ಗೊತ್ತಿಲ್ಲ.
ಪಗಾರ ಬಂದು ನನಗೂ ನಾಲ್ಕು ತಿಂಗಳು.

ಇವತ್ತು ಹನ್ನೊಂದಕ್ಕೆ ಸಭೆ.
ಅಧ್ಯಕ್ಷರು ಸಹಿ ಕಲಿತಿದ್ದಾರೆ, ಅವರ ಗಂಡ ಓದುತ್ತಾರೆ,
ಮೊದಲ ಮೂರು ಸಾಲಿನವರೆಗೆ.
ಪಿಡಿಒ ಮಾತ್ರ ಕೊನೆಯವರೆಗೆ ಬೆರಳಿಡುತ್ತಾರೆ.

ಬಾಗಿಲಲ್ಲಿ ಮತ್ತೆ ಒಂದು ಕಾಲು.
"ತಮ್ಮಾ, ಸಾಲಿಗೆ ಏನರ ಐತೇನಪಾ?"
ಶಾಲೆಗೆ ಅಂದಳೋ, ಈ ವರ್ಷಕ್ಕೆ ಅಂದಳೋ,
ನಾನು ರಾತ್ರಿ ತೂರಿಸಿದ್ದು ಹೇಗೋ ತಿಳಿಯಿತೋ.

ಐತಿ, ಅಂದೆ.
ಫ್ಯಾನು ನಿಧಾನವಾಗುತ್ತಿತ್ತು.
ಇನ್ನೂ ಸೇವ್ ಮಾಡಿರಲಿಲ್ಲ.